ಉಬ್ಬಿದ ಲಿಪೊ ಬ್ಯಾಟರಿ ಬಿಟ್ಟಿ ಸಿಕ್ಕರೂ ಮನೆಗೆ ತರಬೇಡಿ

ಆರ್‌ಸಿ (ರಿಮೋಟಿನಲ್ಲಿ ಓಡಿಸುವ) ಕಾರಿನ ಕಿಟ್ ಕಟ್ಟುವವರು ಮತ್ತು ಮಕ್ಕಳಿಗೆ ಸೆಕೆಂಡ್ ಹ್ಯಾಂಡ್ ಆರ್‌ಸಿ ಕಾರು ಕೊಡಿಸೋಣ ಅಂತ ಯೋಚಿಸುತ್ತಿರುವವರು ಇದನ್ನು ಓದಿ. ಕಳೆದ ತಿಂಗಳು ಧಾರವಾಡದ ಮಾಳಮಡ್ಡಿಯ ನಮ್ಮ ಬಾಡಿಗೆ ಮನೆಯಲ್ಲಿ ಚಾರ್ಜಿಗಿಟ್ಟ ಲಿಪೊ (ಲಿಥಿಯಂ ಪಾಲಿಮರ್) ಬ್ಯಾಟರಿ ಹೊತ್ತಿಕೊಂಡಿತು. ಜೀವಕ್ಕೇನೂ ಆಗಲಿಲ್ಲ. ಟೇಬಲ್ಲು, ಕಿಟಕಿ ಪರದೆ, ನಾನು ಎರಡು ತಿಂಗಳು ಕೂತು ಬಣ್ಣ ಹೊಡೆದಿದ್ದ ಕಾರಿನ ಬಾಡಿ ಹೋದವು. ತಪ್ಪು ಮುಕ್ಕಾಲು ಪಾಲು ನನ್ನದೇ. ಉಳಿದ ಕಾಲು ಪಾಲು ಅದನ್ನು ಮಾರಿದವನದು.

ಹೊಸ ಕಿಟ್ ನಮ್ಮ ಕಡೆ ಯಾಕಿಷ್ಟು ತುಟ್ಟಿ ಅಂತ ಈ ಹವ್ಯಾಸದವರಿಗೆ ಗೊತ್ತೇ ಇದೆ. ಆಟಿಕೆಗಳ ಮೇಲಿನ ಆಮದು ಸುಂಕ 2020ರಲ್ಲಿ ಶೇ. 20ರಿಂದ 60ಕ್ಕೆ ಹೋಯಿತು, 2023ರ ಬಜೆಟ್ಟಿನಲ್ಲಿ 70ಕ್ಕೆ. ಸುಂಕದವರ ಲೆಕ್ಕದಲ್ಲಿ ನಮ್ಮ ಸ್ಕೇಲ್ ಮಾಡೆಲ್ಲೂ ಆಟಿಕೆಯೇ. ಹೀಗಾಗಿ ಹವ್ಯಾಸ ಬಿಡುತ್ತಿದ್ದ ಹುಬ್ಬಳ್ಳಿಯ ಒಬ್ಬರು ಜಪಾನಿನ ತಮಿಯಾ ಕಂಪನಿಯ ಟಿಟಿ-02 ಚಾಸಿ (ಬಾಡಿ ಇಲ್ಲದ ಕಾರು), ರೇಡಿಯೊ, ಚಾರ್ಜರ್, ಎರಡು ಲಿಪೊ ಬ್ಯಾಟರಿ ಎಲ್ಲಾ ಸೇರಿ ಒಂಬತ್ತು ಸಾವಿರ ಅಂದಾಗ ನಾನು ಎರಡನೇ ಮಾತಾಡಲಿಲ್ಲ. ಉಣಕಲ್ ಕೆರೆ ಹತ್ತಿರ ಭೇಟಿಯಾದೆವು. ಚಾಸಿ ಚೊಲೊ ಇತ್ತು. ಪ್ಲಾಸ್ಟಿಕ್ ಬುಶ್ ತೆಗೆದು ಎಲ್ಲಾ ಕಡೆ ಬಾಲ್ ಬೇರಿಂಗ್ ಹಾಕಿದ್ದರು, ಗಾಲಿ ತಿರುಗಿಸಿದರೆ ನಿಲ್ಲುತ್ತಲೇ ಇರಲಿಲ್ಲ. ಸ್ಕ್ರೂ ತಲೆಗಳು ಮಾತ್ರ ಸವೆದಿದ್ದವು. ಜಪಾನಿ ಕಿಟ್ಟಿನ ಸ್ಕ್ರೂಗಳಿಗೆ ಜೆಐಎಸ್ ಅನ್ನುವ ಜಪಾನಿ ಅಳತೆಯ ತುದಿಯ ಸ್ಕ್ರೂಡ್ರೈವರ್ ಬೇಕು, ನಮ್ಮ ಮಾಮೂಲಿ ಫಿಲಿಪ್ಸ್ ಹಾಕಿ ತಿರುವಿದರೆ ತಲೆ ಕೆಡುತ್ತದೆ. ಸ್ಕ್ರೂ ವಿಷಯದಲ್ಲಿ ಇಷ್ಟು ಉಡಾಫೆ ಮಾಡಿದವನು ಬ್ಯಾಟರಿಯನ್ನು ಹೇಗೆ ಇಟ್ಟಿರಬಹುದು ಅಂತ ಅಲ್ಲೇ ಯೋಚಿಸಬೇಕಿತ್ತು.

ಬ್ಯಾಟರಿ ಎರಡೂ 2ಎಸ್ (ಅಂದರೆ ಒಳಗೆ ಎರಡು ಸೆಲ್), 5000 ಎಂಎಎಚ್, ಮೆತ್ತನೆಯ ಪ್ಯಾಕ್. ಒಂದರ ನಡುವೆ ಬೆರಳಿಟ್ಟರೆ ದಿಂಬಿನ ಹಂಗೆ ಒಳಗೆ ಹೋಗಿ ಮೇಲೆ ಬರುತ್ತಿತ್ತು.

“ಇದೇನ್ರಿ, ಉಬ್ಬಿದಂಗೈತಿ?”

“ಅಯ್ಯ ಸರ, ಲಿಪೊ ಅಂದಮ್ಯಾಲೆ ಒಂದೀಟು ಉಬ್ಬೂದು ಕಾಮನ್ ರೀ. ನಾ ಆರು ತಿಂಗಳಿಂದ ಇದರ ಮ್ಯಾಲೇ ಓಡ್ಸಾಕತ್ತೀನಿ.”

ನಂಬಿದೆ ಅನ್ನುವುದಕ್ಕಿಂತ, ಒಂಬತ್ತು ಸಾವಿರದ ಮಾತು ಮುರಿಯುವುದು ನನಗೆ ಬೇಡವಾಗಿತ್ತು. ಆ ಚೀಲವನ್ನು ತೊಡೆ ಮೇಲಿಟ್ಟುಕೊಂಡು, ನಿಲ್ಲಲು ಜಾಗವಿಲ್ಲದ ಚಿಗರಿ ಬಸ್ಸಿನಲ್ಲಿ ಧಾರವಾಡಕ್ಕೆ ಬಂದೆ. ಈಗ ನೆನೆಸಿಕೊಂಡರೆ ಅದೇ ಹೆಚ್ಚು ಹೆದರಿಕೆ ಹುಟ್ಟಿಸುತ್ತದೆ.

ಮನೆಗೆ ಬಂದು ಮಲ್ಟಿಮೀಟರ್ ಹಚ್ಚಿದೆ. ಎರಡೂ ಸೆಲ್ ಒಂದೇ ಮಟ್ಟಕ್ಕೆ ತುಂಬಲಿ ಅಂತ ಚಾರ್ಜರಿಗೆ ಹಚ್ಚುವ ಬ್ಯಾಲೆನ್ಸ್ ವೈರಿನ ಮೂರು ಪಿನ್ನಿನಲ್ಲಿ ಎರಡೂ ಸೆಲ್ಲುಗಳನ್ನು ಬೇರೆ ಬೇರೆ ಅಳೆಯಬಹುದು. ಒಂದು ಸೆಲ್ 3.7 ವೋಲ್ಟ್, ಇನ್ನೊಂದು 3.1. ಚೊಲೊ ಪ್ಯಾಕಿನಲ್ಲಿ ಎರಡರ ನಡುವೆ ಇಷ್ಟು ಅಂತರ ಬರುವುದೇ ಇಲ್ಲ. ಲಿಪೊ ಸೆಲ್ಲನ್ನು 3 ವೋಲ್ಟಿನ ಕೆಳಗೆ ಇಳಿಸಿದರೆ ಒಳಗೆ ಕೆಡಲು ಶುರುವಾಗಿ ಗ್ಯಾಸ್ ಹುಟ್ಟುತ್ತದೆ, ಆ ಉಬ್ಬು ಅದೇ ಗ್ಯಾಸು. ವೋಲ್ಟೇಜ್ ಇಳಿದಾಗ ತಾನೇ ಕಾರು ನಿಲ್ಲಿಸುವ ಕಟಾಫ್ ಹಳೆಯ ಸ್ಪೀಡ್ ಕಂಟ್ರೋಲರುಗಳಲ್ಲಿ ಇರುವುದಿಲ್ಲ, ಮಾರಿದ ಮನುಷ್ಯ ಪ್ರತಿಸಲ ಕಾರು ಪೂರಾ ಸೋಲುವ ತನಕ ಓಡಿಸಿರಬೇಕು. ಇದೆಲ್ಲ ನನಗೆ ಗೊತ್ತಿತ್ತು. ಆದರೂ ‘ಎರಡು ಸಲ ಬ್ಯಾಲೆನ್ಸ್ ಚಾರ್ಜ್ ಮಾಡಿದರೆ ಸರಿಹೋಗತೈತಿ’ ಅಂತ ನನಗೆ ನಾನೇ ಹೇಳಿಕೊಂಡೆ. ಬ್ಯಾಟರಿಯನ್ನು ಕಾರಿನ ಟ್ರೇನಲ್ಲಿ ಕೂರಿಸಿದಾಗ ಚೂರೂ ಅಲುಗಾಡದೆ ಬಿಗಿಯಾಗಿ ಕೂತಿತ್ತು. ಅಳತೆ ಎಷ್ಟು ಸರಿಯಾಗಿದೆ ಅಂತ ಖುಷಿಪಟ್ಟಿದ್ದೆ. ಬಿಗಿಯಾಗಿದ್ದು ಉಬ್ಬಿದ್ದಕ್ಕೆ.

ಇನ್ನೊಂದು ಜಾಣತನ ಮಾಡಿದ್ದೆ. ಮಗಳ ಹಳೆಯ ಕಾರಿನದು ನಿಕಲ್ ಪ್ಯಾಕ್, ಚಾರ್ಜರ್ ಪರದೆ ಮೇಲೆ ಎನ್ಐಎಂಎಚ್ ಅಂತ ಬರುತ್ತದಲ್ಲ, ಅದು. ಅದಕ್ಕಿದ್ದ ಬಿಳಿ ಪ್ಲಗ್ ಕತ್ತರಿಸಿ, ಲಿಪೊಗೆ ಇರುವ ಟಿ-ಪ್ಲಗ್ಗನ್ನೇ ಬೆಸುಗೆ ಹಾಕಿದ್ದೆ. ಎಲ್ಲದಕ್ಕೂ ಒಂದೇ ಪ್ಲಗ್, ಅಡಾಪ್ಟರ್ ಹುಡುಕುವ ಕಾಟವಿಲ್ಲ. ಅದರ ಜೊತೆಗೇ ಬೇರೆ ಬೇರೆ ಪ್ಲಗ್ ಇದ್ದಾಗ ತಾನಾಗಿ ಸಿಗುತ್ತಿದ್ದ ಕಾವಲನ್ನೂ ಕತ್ತರಿಸಿ ಒಗೆದಿದ್ದೆ.

ಆ ದಿನ ಭಾನುವಾರ, ಮಧ್ಯಾಹ್ನದಿಂದ ಮಳೆ. ಮೊದಲು ಮಗಳ ಪ್ಯಾಕ್ ಚಾರ್ಜ್ ಮಾಡಿದೆ. ಆಮೇಲೆ ಚಾರ್ಜರನ್ನು ಲಿಪೊ ಮೋಡಿಗೆ ಬದಲಿಸಿ ಉಬ್ಬಿದ ಬ್ಯಾಟರಿ ಹಚ್ಚಿದೆ. ಅದು ಅರ್ಧಕ್ಕಿಂತ ಹೆಚ್ಚು ತುಂಬಿದ್ದಾಗ ಕರೆಂಟ್ ಹೋಯಿತು. ಬ್ಯಾಲೆನ್ಸ್ ವೈರ್ ತೆಗೆದಿಟ್ಟೆ. ಕರೆಂಟ್ ಬಂದಾಗ ಮಗಳು “ಪಪ್ಪಾ, ನಂದು ಚಾರ್ಜ್ ಆಗೇತೇನು?” ಅಂತ ಅವಳ ಪ್ಯಾಕ್ ಮತ್ತೆ ತಂದಳು. ಸಮಾಧಾನಕ್ಕೆ ಅದನ್ನು ನಿಕಲ್ ಮೋಡಿನಲ್ಲಿ ಎರಡು ನಿಮಿಷ ಹಚ್ಚಿ, ಫುಲ್ ಅಂತ ತೋರಿಸಿ, ತೆಗೆದು ಅದೇ ಪ್ಲಗ್ಗಿಗೆ ಲಿಪೊ ಚುಚ್ಚಿ ಸ್ಟಾರ್ಟ್ ಒತ್ತಿದೆ. ಮೋಡ್ ಬದಲಿಸಲಿಲ್ಲ. ಚಾರ್ಜರ್ ಕೀಂ ಅಂದು ಶುರುವಾಯಿತು. ಲಿಪೊ ಮೋಡಿನಲ್ಲಿದ್ದಿದ್ದರೆ ಬ್ಯಾಲೆನ್ಸ್ ವೈರ್ ಎಲ್ಲಿ ಅಂತ ತಕರಾರು ತೆಗೆಯುತ್ತಿತ್ತು. ನಿಕಲ್ ಮೋಡಿಗೆ ಆ ವೈರೇ ಬೇಡ.

ಈ ಎರಡು ಮೋಡಿನ ವ್ಯತ್ಯಾಸ ಮಕ್ಕಳಿಗೂ ತಿಳಿದಿರಲಿ. ಲಿಪೊ ಮೋಡಿನಲ್ಲಿ ಚಾರ್ಜರ್ ಒಂದು ಸೆಲ್ಲಿಗೆ 4.2, ಅಂದರೆ ಎರಡಕ್ಕೆ 8.4 ವೋಲ್ಟ್ ಮುಟ್ಟಿದ ಕೂಡಲೇ ವೋಲ್ಟೇಜನ್ನು ಅಲ್ಲೇ ಹಿಡಿದಿಟ್ಟು ಕರೆಂಟನ್ನು ಕಡಿಮೆ ಮಾಡುತ್ತಾ ಬಂದು ನಿಲ್ಲಿಸುತ್ತದೆ. ನಿಕಲ್ ಮೋಡಿನಲ್ಲಿ ಹಾಗಲ್ಲ. ನಿಕಲ್ ಬ್ಯಾಟರಿ ತುಂಬಿದ ಮೇಲೆ ಅದರ ವೋಲ್ಟೇಜ್ ಒಂದಿಷ್ಟು ಮಿಲಿವೋಲ್ಟ್ ಇಳಿಯುತ್ತದೆ, ಚಾರ್ಜರ್ ಕಾಯುವುದು ಆ ಇಳಿತಕ್ಕೆ. ಲಿಪೊದಲ್ಲಿ ಆ ಇಳಿತ ಬರುವುದಿಲ್ಲ. ಬರುವ ತನಕ ಇದು 5 ಆಂಪಿಯರ್ ತುರುಕುತ್ತಲೇ ಇರುತ್ತದೆ. ಇಂತಿಷ್ಟು ಎಂಎಎಚ್ ದಾಟಿದರೆ ನಿಲ್ಲು ಅನ್ನುವ ಮಿತಿ ಚಾರ್ಜರಿನಲ್ಲಿತ್ತು. ಹಿಂದಿನ ಮಾಲೀಕ ಅದನ್ನು ಆಫ್ ಮಾಡಿಟ್ಟಿದ್ದ, ನಾನು ಸೆಟ್ಟಿಂಗ್ಸ್ ತೆರೆದೂ ನೋಡಿರಲಿಲ್ಲ.

ಸ್ಟಾರ್ಟ್ ಒತ್ತಿ ಗಿರ್ಮಿಟ್ ತರಲು ಹೋದೆ. ಹತ್ತು ನಿಮಿಷದ ಕೆಲಸ, ಮಳೆಗೆ ಅಂಗಡಿ ತಗಡಿನ ಕೆಳಗೆ ಅರ್ಧ ಗಂಟೆ ನಿಂತೆ. ಫೋನ್ ಬಂತು.

“ಪಪ್ಪಾ, ನಿನ್ನ ಬ್ಯಾಟರಿ ಪೂರಿ ಆಗೇತಿ.”

“ಏನಾಗೇತಿ?”

“ಪೂರಿ! ದುಂಡಗ ಉಬ್ಬೇತಿ. ಮುಟ್ಟಲೇನು?”

ಮುಟ್ಟಬ್ಯಾಡ, ಅಜ್ಜೀನ ಕರ್ಕೊಂಡು ಹೊರಗ ನಡಿ ಅಂತ ಒದರಿಕೊಂಡು ಓಡಿದೆ. ಮೆಟ್ಟಿಲಿನಲ್ಲೇ ಉಗುರುಬಣ್ಣದ ಹಾಗೆ ಸಿಹಿಸಿಹಿ ವಾಸನೆ. ಒಳಗೆ ಹೋಗಿ ಸ್ವಿಚ್ ಆರಿಸಿ ಪ್ಲಗ್ ಕಿತ್ತೆ. ಚಾರ್ಜರ್ ಆರಿದರೆ ಮುಗಿಯಿತು ಅಂದುಕೊಂಡಿದ್ದೆ. ತುಂಬಿದ ಬ್ಯಾಟರಿ ಒಳಗೇ ಕೆಟ್ಟ ಮೇಲೆ ಅದಕ್ಕೆ ನಮ್ಮ ಸ್ವಿಚ್ಚಿನ ಹಂಗಿಲ್ಲ. ಮೂಲೆಯ ಹೊಲಿಗೆ ಬಿಚ್ಚಿತು, ಕುಕ್ಕರ್ ಸೀಟಿಯ ಹಾಗೆ ಸುಯ್ ಅಂದಿತು, ಬಿಳಿ ಹೊಗೆ, ಅದರ ಹಿಂದೆಯೇ ಒಂದು ಮೊಳದ ಬೆಂಕಿ. ಪರದೆ ಹಿಡಿಯಿತು. ಪಕ್ಕದಲ್ಲಿ ಒಣಗಲು ಇಟ್ಟಿದ್ದ ಪಾಲಿಕಾರ್ಬೊನೇಟ್ ಬಾಡಿ, ಒಳಗಡೆಯಿಂದ ಮೂರು ಕೋಟ್ ಕೆಂಪು, ಮೇಲೆ ಕಪ್ಪು ಕೊಟ್ಟಿದ್ದೆ, ಹಂಚಿನ ಮೇಲೆ ಹಾಕಿದ ಹಪ್ಪಳದಂತೆ ಮುರುಟಿತು.

ಅವ್ವ ಹೊರಗೆ ಹೋಗಿರಲೇ ಇಲ್ಲ. ಗ್ಯಾಲರಿಯ ಶೇವಂತಿಗೆ ಕುಂಡ ಎತ್ತಿ ತಂದು ಗಿಡದ ಸಮೇತ ಬ್ಯಾಟರಿ ಮೇಲೆ ಬೋರಲು ಹಾಕಿದಳು. ಮಳೆಗೆ ನೆಂದ ಮಣ್ಣು. ನಾನು ಬಕೆಟ್ ನೀರಿನಿಂದ ಪರದೆ ಆರಿಸಿದೆ. ಆಮೇಲೆ ಮಣ್ಣು ಬ್ಯಾಟರಿ ಎರಡನ್ನೂ ರೊಟ್ಟಿ ಹಂಚಿನ ಮೇಲೆ ಗೋರಿ ತಾರಸಿಗೆ ಒಯ್ದೆ. ಅದು ಮಾಡಬಾರದಿತ್ತು, ಮೆಟ್ಟಿಲು ಹತ್ತುವಾಗ ಎರಡನೇ ಸೆಲ್ ಹೊತ್ತಿದ್ದರೆ ಮುಖದ ಮೇಲೇ ಬರುತ್ತಿತ್ತು. ಆ ಹೊಗೆಯಲ್ಲಿ ಹೈಡ್ರೋಜನ್ ಫ್ಲೋರೈಡ್ ಅನ್ನುವ ವಿಷದ ಗ್ಯಾಸ್ ಇರುತ್ತದೆ. ಎರಡು ದಿನ ಗಂಟಲು ಉರಿಯಿತು, ಡಾಕ್ಟರ್ ಹತ್ತಿರ ಹೋಗಿಬಂದೆ. ಹೊಗೆ ಕಂಡರೆ ಮೊದಲು ಮಂದಿಯನ್ನು ಹೊರಗೆ ಕಳಿಸಿ, ನೀವೂ ಹೊರಗೆ ಬನ್ನಿ. ಕಾರು ಎಲ್ಲಿಗೂ ಓಡಿಹೋಗುವುದಿಲ್ಲ.

ಕೆಳಗಿನ ಮನೆ ಮಾಲಕರು ಬಂದು ಕರಿ ಗೋಡೆ ನೋಡಿ, “ಆಟದ ಗಾಡಿಗೆ ಮನಿ ಸುಡ್ತೀರೇನ್ರಿ?” ಅಂದರು. ಬಣ್ಣದ ಖರ್ಚು ನನ್ನದು. ಮಾರಿದವನಿಗೆ ಫೋಟೊ ಕಳಿಸಿದೆ. “ಓವರ್ ಚಾರ್ಜ್ ಮಾಡಿದ್ರ ಯಾವುದಾದ್ರೂ ಸುಡತೈತಿ ಸರ” ಅಂತ ಉತ್ತರ. ಮಾತು ಸುಳ್ಳಲ್ಲ, ಅದಕ್ಕೇ ಹೊಟ್ಟೆ ಉರಿಯಿತು.

ಹಳೆಯ ಕಾರು ಕೊಳ್ಳುವುದು ತಪ್ಪಲ್ಲ. ಚಾಸಿ ತಗೊಳ್ಳಿ, ಮೋಟರ್ ತಗೊಳ್ಳಿ, ಬ್ಯಾಟರಿ ಅವರಿಗೇ ಬಿಟ್ಟು ಬನ್ನಿ. ತಗೊಳ್ಳಲೇಬೇಕಾದರೆ ಮಲ್ಟಿಮೀಟರ್ ಒಯ್ದು ಎದುರಿಗೇ ಸೆಲ್ ಅಳೆಯಿರಿ, ಉಬ್ಬಿದ್ದರೆ ಅಳೆಯುವುದೂ ಬೇಡ. ನಾನೀಗ ಹೊಸ ಪ್ಯಾಕನ್ನು ಮೆಟ್ಟಿಲ ಕೆಳಗೆ ಕಡಪ ಕಲ್ಲಿನ ಮೇಲೆ ಚಾರ್ಜ್ ಮಾಡುತ್ತೇನೆ, ಪಕ್ಕದಲ್ಲಿ ಒಂದು ಬಕೆಟ್ ಉಸುಕು, ಕೂರಲು ಒಂದು ಸ್ಟೂಲ್. ಬ್ಯಾಲೆನ್ಸ್ ವೈರ್ ಇಲ್ಲದೆ ಸ್ಟಾರ್ಟ್ ಒತ್ತುವುದಿಲ್ಲ. ವಾರಗಟ್ಟಲೆ ಓಡಿಸುವುದಿಲ್ಲ ಅಂದರೆ ಒಂದೊಂದು ಸೆಲ್ಲನ್ನೂ 3.8 ವೋಲ್ಟಿಗೆ ತಂದು ಎತ್ತಿಡುತ್ತೇನೆ. ಮಗಳ ಪ್ಯಾಕಿಗೆ ಮತ್ತೆ ಬಿಳಿ ಪ್ಲಗ್ ಹಾಕಿದೆ.

ಜೊತೆಗೆ ಬಂದ ಇನ್ನೊಂದು ಬ್ಯಾಟರಿಯನ್ನು ಗಡಿಬಿಡಿಯಲ್ಲಿ ಕಸದ ಟಿಪ್ಪರಿಗೆ ಹಾಕಲು ಹೊರಟಿದ್ದೆ, ಅವ್ವ ತಡೆದಳು. ಕಸ ಒತ್ತುವಾಗ ಹೊತ್ತಿಕೊಂಡರೆ ಆ ಹುಡುಗರ ಗತಿ ಏನು? ತಾರಸಿಯಲ್ಲಿ ಮಣ್ಣಿನ ಕುಂಡದೊಳಗಿಟ್ಟು ಕಾರಿನ 12 ವೋಲ್ಟ್ ಬಲ್ಬ್ ಹಚ್ಚಿ ಬಿಟ್ಟಿದ್ದೇನೆ. ನಿನ್ನೆ ಸಂಜೆ ಬಲ್ಬ್ ಮಿಣಮಿಣ ಅನ್ನುತ್ತಿತ್ತು, ಇವತ್ತು ಬೆಳಿಗ್ಗೆ ಆರಿದೆ. ಸೋಮವಾರ ಹುಬ್ಬಳ್ಳಿಯ ಇ-ತ್ಯಾಜ್ಯದವರಿಗೆ ಕೊಟ್ಟು ಬರಬೇಕು. ಬಸ್ಸಿನಲ್ಲಿ ಒಯ್ಯುವುದಿಲ್ಲ, ಉಸುಕಿನ ಡಬ್ಬಿಯಲ್ಲಿ ಹುಗಿದು ಸ್ಕೂಟರಿನ ಮುಂದಿಟ್ಟುಕೊಂಡು ನಿಧಾನ ಹೋಗುತ್ತೇನೆ.