ಮೂರು ಫೇಸಿಗೆ ಮೂರು ಪಿನ್ನು: ಅಕ್ಕಿ ಗಿರಣಿಯಲ್ಲಿ ರಾಸ್ಪ್‌ಬೆರಿ ಪೈ ಪಿಕೊ

ಗಂಗಾವತಿ ಸುತ್ತಲಿನ ಅಕ್ಕಿ ಗಿರಣಿಗಳಲ್ಲಿ ಮೋಟಾರು, ಪ್ಯಾನೆಲ್ ರಿಪೇರಿ ನನ್ನ ಕೆಲಸ. ಮೂರರಲ್ಲಿ ಒಂದು ಫೇಸ್ ಹೋದರೆ ಉಳಿದೆರಡರ ಕರೆಂಟ್ ಏರುತ್ತದೆ. ಸುಟ್ಟ ವಾಸನೆ ಮೂಗಿಗೆ ಬರುವಷ್ಟರಲ್ಲಿ ವೈಂಡಿಂಗ್ ಕಥೆ ಮುಗಿದಿರುತ್ತದೆ. ಇದನ್ನು ಕಾಯಲು ಮೊದಲೆಲ್ಲ ಎಲ್‌ಎಂ324 ಆಪ್‌ಆಂಪ್ (ವೋಲ್ಟೇಜ್ ಹಿಗ್ಗಿಸುವ, ಹೋಲಿಸುವ ಚಿಪ್) ಬೋರ್ಡು ಕಟ್ಟುತ್ತಿದ್ದೆ. ಫೇಸಿಗೊಂದು ರೆಕ್ಟಿಫೈಯರ್ (ಎಸಿಯನ್ನು ಡಿಸಿ ಮಾಡಲು), ಫಿಲ್ಟರ್, ಕಂಪೇರೇಟರ್ (ಮಿತಿ ದಾಟಿತೇ ಎಂದು ಹೋಲಿಸಲು), ಜೊತೆಗೆ ಆ ಮಿತಿಯನ್ನು ತಿರುಗಿಸಿ ಇಡುವ ಪ್ರಿಸೆಟ್ ಒಂದು. ಹೊಟ್ಟಿನ ಧೂಳು, ಗಿರಣಿಯ ನಡುಕ, ನಮ್ಮ ಬೇಸಿಗೆ ಮೂರೂ ಸೇರಿದರೆ ಯಾವ ಪ್ರಿಸೆಟ್ಟೂ ತಿರುಗಿಸಿಟ್ಟ ಜಾಗದಲ್ಲಿ ನಿಲ್ಲದು.

ಈಗ ಆ ಜಾಗಕ್ಕೆ ಪಿಕೊ ಹಾಕುತ್ತಿದ್ದೇನೆ. 2021ರಲ್ಲಿ 4 ಡಾಲರ್ ಬೆಲೆಗೆ ಬಂದ, ಪ್ರೋಗ್ರಾಂ ಹಾಕಿ ಓಡಿಸುವ ಪುಟ್ಟ ಮೈಕ್ರೋಕಂಟ್ರೋಲರ್ ಬೋರ್ಡು. 12 ಬಿಟ್ಟಿನ ಎಡಿಸಿ (ವೋಲ್ಟೇಜನ್ನು ಅಂಕಿಯಾಗಿಸುವ ಭಾಗ), ಸೆಕೆಂಡಿಗೆ 5 ಲಕ್ಷ ಸ್ಯಾಂಪಲ್, ಹೊರಗೆ ಸಿಗುವ ಅನಲಾಗ್ ಪಿನ್ನು ಮೂರೇ. ಜನ ಇದನ್ನು ಕೊರತೆ ಅನ್ನುತ್ತಾರೆ, ನನಗೆ ಮೂರು ಫೇಸಿಗೆ ಸರಿಹೋಯಿತು. ಒಂದೊಂದು ಫೇಸನ್ನೂ 20 ಮಿಲಿಸೆಕೆಂಡಿಗೆ, ಅಂದರೆ ಎಸಿಯ ಒಂದು ಸುತ್ತಿಗೆ, 64 ಸಲ ಓದಿ ಆರ್‌ಎಂಎಸ್ (ಎಸಿ ಕರೆಂಟಿನ ಪರಿಣಾಮಕಾರಿ ಬೆಲೆ) ಲೆಕ್ಕ ಹಾಕಿಸಿದೆ. ರೆಕ್ಟಿಫೈಯರೂ ಬೇಡ, ಪ್ರಿಸೆಟ್ಟೂ ಬೇಡ. ಸ್ಟಾರ್ಟ್ ಹೊತ್ತಿನಲ್ಲಿ ಕರೆಂಟ್ ಐದಾರು ಪಟ್ಟು ನೆಗೆದಾಗ ಟ್ರಿಪ್ ಆಗದಂತೆ ತಡೆಯಲು ಮೊದಲು 555 ಟೈಮರ್ ಬೇಕಿತ್ತು, ಈಗ ಕೋಡಿನಲ್ಲಿ ಒಂದು ಸಾಲು ಸಾಕು.

ಹಾಗಂತ ಸರ್ಕ್ಯೂಟು ಪೂರ್ತಿ ಹೋಯಿತು ಅಂದುಕೊಳ್ಳಬೇಡಿ. 100 ಆಂಪಿಯರಿಗೆ 50 ಮಿಲಿಆಂಪಿಯರ್ ಕೊಡುವ ಸಿಟಿಗೆ (ಕರೆಂಟ್ ಅಳೆಯುವ ಟ್ರಾನ್ಸ್‌ಫಾರ್ಮರಿಗೆ) 22 ಓಮ್ ರೆಸಿಸ್ಟರ್, ಎಸಿ ಅಲೆ ಸೊನ್ನೆಯ ಕೆಳಗೆ ಇಳಿಯದಂತೆ 1.65 ವೋಲ್ಟಿನ ಬಯಾಸ್, ಪಿನ್ನು ಉಳಿಸಲು ಡಯೋಡ್ ಬೇಕೇ ಬೇಕು. ಇನ್ನೊಂದು ಮುಖ್ಯ: ಪಕ್ಕದ ವಿಎಫ್‌ಡಿಯ (ಮೋಟಾರಿನ ವೇಗ ಬದಲಿಸುವ ಡ್ರೈವಿನ) 4 ಕಿಲೋಹರ್ಟ್ಜ್ ಗದ್ದಲ ಈ ವೇಗದಲ್ಲಿ, ಅಂದರೆ ಸೆಕೆಂಡಿಗೆ 3,200 ಸಲ, ಓದಿದರೆ 800 ಹರ್ಟ್ಜ್ ಸಿಗ್ನಲ್ಲಿನ ವೇಷ ಹಾಕಿ ಒಳಗೆ ಬರುತ್ತದೆ. ಒಳಗೆ ಬಂದ ಮೇಲೆ ಯಾವ ಕೋಡಿಗೂ ಅದರ ಗುರುತು ಸಿಗದು. ಆದ್ದರಿಂದ ಎಡಿಸಿ ಬಾಗಿಲಲ್ಲೇ 1 ಕಿಲೋಓಮ್ ರೆಸಿಸ್ಟರ್, 0.22 ಮೈಕ್ರೋಫ್ಯಾರಡ್ ಕೆಪಾಸಿಟರ್ ಸೇರಿದ ಫಿಲ್ಟರ್ ಇಟ್ಟಿದ್ದೇನೆ. ಪುಡಿಗಾಸಿನ ಮಾಲು, ಅದನ್ನು ಬಿಟ್ಟು ಕಟ್ಟುವವರೇ ಜಾಸ್ತಿ.

ಎಡಿಸಿಯಲ್ಲಿ ಊನವೂ ಇದೆ. ಸೊನ್ನೆಯಿಂದ 4095ರ ತನಕದ ಅಂಕಿಗಳಲ್ಲಿ 512, 1536, 2560, 3584ರ ಬಳಿ ಓದು ಎಡವುತ್ತದೆ ಅಂತ ತಯಾರಕರ ಡೇಟಾಶೀಟೇ ಒಪ್ಪಿಕೊಂಡಿದೆ. 12 ಬಿಟ್ ಅಂದರೂ ಕೈಗೆ ದಕ್ಕುವುದು ಒಂಬತ್ತರೊಳಗೆ. ಮೋಟಾರ್ ಕಾಯಲು ಧಾರಾಳ. ತೂಕದ ಯಂತ್ರಕ್ಕೋ ಆಡಿಯೋಗೋ ನಾನು ಹಾಕುವುದಿಲ್ಲ. 23ನೇ ಜಿಪಿಐಒ (ಪ್ರೋಗ್ರಾಮಿನಿಂದ ಆಳುವ ಪಿನ್ನು) ಹೈ ಮಾಡಿದರೆ ಬೋರ್ಡಿನ 3.3 ವೋಲ್ಟ್ ಸಪ್ಲೈಯ ಏರಿಳಿತ (ರಿಪಲ್) ಸ್ವಲ್ಪ ತಗ್ಗುತ್ತದೆ, ಮರೆಯದೆ ಮಾಡಿ.

"ಬೆರಳುದ್ದದ ಪಟ್ಟಿ ನಂಬಿ ಮೋಟಾರ್ ಹೆಂಗ ಓಡಿಸ್ಲೋ ತಮ್ಮಾ?" ಅಂದರು ಗಿರಣಿ ಸಾವ್ಕಾರ್ರು.

"ನಂಬಬ್ಯಾಡ್ರಿ ಸಾವ್ಕಾರ್ರ. ಹಳೇ ಓವರ್‌ಲೋಡ್ ರಿಲೇ ನಾ ತೆಗೆಯಂಗಿಲ್ಲ."

ತೆಗೆದಿಲ್ಲ. ಆಪ್‌ಆಂಪ್ ಕೆಡಬಹುದು, ಆದರೆ ಹ್ಯಾಂಗ್ ಆಗುವುದಿಲ್ಲ, ಪ್ರೋಗ್ರಾಂ ಆಗುತ್ತದೆ. ವಾಚ್‌ಡಾಗ್ (ಪ್ರೋಗ್ರಾಂ ನಿಂತರೆ ಬೋರ್ಡನ್ನು ತಾನೇ ರೀಸ್ಟಾರ್ಟ್ ಮಾಡುವ ಟೈಮರ್) ಆನ್ ಮಾಡದೆ ಇದನ್ನು ಪ್ಯಾನೆಲ್ಲಿಗೆ ಏರಿಸಲೇಬೇಡಿ.

ಈಗ ಹೊಸದಾಗಿ ಕೊಳ್ಳುವವರು 2024ರ ಪಿಕೊ 2 ನೋಡಿ: ಆ ನಾಲ್ಕು ಕಡೆಯ ಎಡವಟ್ಟು ಅದರಲ್ಲಿ ಸರಿಯಾಗಿದೆ, ದಶಮಾಂಶದ ಲೆಕ್ಕಕ್ಕೆ ಬೇರೆ ಯೂನಿಟ್ಟೇ ಇದೆ. ಹಳೆಯದೇ ಸಾಕು ಅನ್ನುವವರು ಪಿನ್ನು ಬೆಸೆದೇ ಬರುವ ಎಚ್ ಮಾದರಿ ತಗೊಳ್ಳಿ.