ಪ್ರಮಾಣಪತ್ರ ನೋಡಿ ಅಪ್ಲಿಕೇಶನ್ ಸರ್ವರ್ ಕೊಳ್ಳುವವರಿಗೆ ಒಂದು ಎಚ್ಚರಿಕೆ

ದೊಡ್ಡ ಸಂಸ್ಥೆಗಳ ತಂತ್ರಾಂಶಕ್ಕೆ ಜಾವಾ ಅಪ್ಲಿಕೇಶನ್ ಸರ್ವರ್ (ಜಾವಾ ಭಾಷೆಯಲ್ಲಿ ಬರೆದ ಅಪ್ಲಿಕೇಶನ್‌ಗಳನ್ನು ಓಡಿಸುವ ಆಧಾರ ತಂತ್ರಾಂಶ) ಆರಿಸುವ ಹೊಣೆ ಹೊತ್ತಿರುವವರನ್ನು ಉದ್ದೇಶಿಸಿ ಇದನ್ನು ಬರೆಯುತ್ತಿದ್ದೇನೆ. "ನಮ್ಮ ಸರ್ವರ್ ಅಧಿಕೃತ ಮಾನದಂಡಕ್ಕೆ ಅನುಗುಣವಾಗಿದೆ, ಆದ್ದರಿಂದ ಮುಂದೆ ಬೇಡವೆನಿಸಿದರೆ ಬೇರೊಂದಕ್ಕೆ ಹೋಗಬಹುದು" ಎಂದು ಮಾರಾಟಗಾರರು ಹೇಳಿದರೆ, ಆ ಮಾತಿನ ಮೊದಲರ್ಧವನ್ನು ನಂಬಬಹುದು, ಉಳಿದರ್ಧವನ್ನು ನಂಬಬಾರದು. ನಾನು ಕೆಲಸ ಮಾಡಿದ ಒಂದು ಯೋಜನೆಯಲ್ಲಿ ಆಯ್ಕೆ ಸಮಿತಿಯು ಎರಡನ್ನೂ ನಂಬಿತ್ತು. ಕೊನೆಗೆ ಆ ಸರ್ವರನ್ನು ಕೊಳ್ಳಲು ಆದುದಕ್ಕಿಂತ ಹೆಚ್ಚು ಖರ್ಚು ಅದರಿಂದ ಬಿಡಿಸಿಕೊಳ್ಳಲು ಆಯಿತು.

ಆ ಅಧಿಕೃತ ಮಾನದಂಡವೆಂದರೆ ಜಾವಾ ಇಇ (ಈಗಿನ ಹೆಸರು ಜಕಾರ್ತಾ ಇಇ). ಅದು ಸರ್ವ್ಲೆಟ್ (ವೆಬ್ ಕೋರಿಕೆಗೆ ಉತ್ತರಿಸುವ ಭಾಗ), ಇಜೆಬಿ (ವ್ಯವಹಾರದ ತರ್ಕವಿರುವ ಭಾಗ), ಜೆಎಂಎಸ್ (ಸಂದೇಶ ರವಾನೆ) ಮುಂತಾದವುಗಳಿಗೆ ನಿಯಮ ಹಾಕಿಕೊಡುತ್ತದೆ. ಆದರೆ ಕ್ಲಸ್ಟರ್ (ಒಟ್ಟಾಗಿ ಕೆಲಸ ಮಾಡುವ ಸರ್ವರ್‌ಗಳ ಗುಂಪು) ಹೇಗೆ ಕಟ್ಟಬೇಕು, ಒಂದು ಸರ್ವರ್ ನಿಂತುಹೋದಾಗ ಬಳಕೆದಾರರ ಸೆಷನ್ ಇನ್ನೊಂದಕ್ಕೆ ಹೇಗೆ ದಾಟಬೇಕು, ಸಂಸ್ಥೆಯ ಡೈರೆಕ್ಟರಿಯಲ್ಲಿರುವ ಗುಂಪುಗಳನ್ನು ಅಪ್ಲಿಕೇಶನ್ನಿನ ಅಧಿಕಾರಗಳಿಗೆ ಹೇಗೆ ಹೊಂದಿಸಬೇಕು, ಒಂದೇ ಲೈಬ್ರರಿಯ ಎರಡು ಆವೃತ್ತಿಗಳಿದ್ದಾಗ ಕ್ಲಾಸ್‌ಲೋಡರ್ (ಕೋಡನ್ನು ಮೆಮೊರಿಗೆ ತರುವ ಭಾಗ) ಯಾವುದನ್ನು ಮೊದಲು ಎತ್ತಿಕೊಳ್ಳಬೇಕು ಎಂಬುದನ್ನೆಲ್ಲ ಅದು ಬಹುಮಟ್ಟಿಗೆ ತಯಾರಕರಿಗೇ ಬಿಟ್ಟಿದೆ. ದಿನನಿತ್ಯದ ಕೆಲಸ ನಡೆಯುವುದು ಈ ಬಿಟ್ಟ ಜಾಗದಲ್ಲಿಯೇ. ನಮ್ಮ ಯೋಜನೆಯ ರಾತ್ರಿ ಸಂಸ್ಕರಣೆಯ (ಕೂಡಿಟ್ಟ ಕೆಲಸಗಳನ್ನು ಒಟ್ಟಿಗೆ ಮುಗಿಸುವ ಬ್ಯಾಚ್ ಸಂಸ್ಕರಣೆ) ಭಾಗವನ್ನು ಮಾರಾಟಗಾರ ಸಂಸ್ಥೆಯ ಸಲಹೆಗಾರರೇ ಬರೆದುಕೊಟ್ಟರು, ಮತ್ತು ಅದರ ಪ್ರತಿಯೊಂದು ಸಾಲೂ ಆ ಸರ್ವರಿನ ಸ್ವಂತ ಥ್ರೆಡ್ (ಏಕಕಾಲದಲ್ಲಿ ಹಲವು ಕೆಲಸ ನಡೆಸುವ ಎಳೆ) ವ್ಯವಸ್ಥೆಯ ಮೇಲೆ ನಿಂತಿತ್ತು. ಇದಕ್ಕೆ ಸಲಹೆಗಾರರನ್ನಷ್ಟೇ ದೂರಿ ಫಲವಿಲ್ಲ; ಬ್ಯಾಚ್ ಸಂಸ್ಕರಣೆಗಾಗಲಿ, ಸರ್ವರ್ ನಿರ್ವಹಿಸುವ ಥ್ರೆಡ್‌ಗಳಿಗಾಗಲಿ 2013ರ ಜಾವಾ ಇಇ 7 ಬರುವ ತನಕ ಮಾನದಂಡದಲ್ಲಿ ಜಾಗವೇ ಇರಲಿಲ್ಲ. ಹಾಗಿದ್ದೂ ಆ ಕೋಡನ್ನು ಒಂದು ತೆಳುವಾದ ಇಂಟರ್‌ಫೇಸಿನ ಹಿಂದೆ ಇಟ್ಟು, ಉಳಿದ ಕೋಡಿಗೆ ತಾಗದಂತೆ ಮುಂದೆ ಅದನ್ನಷ್ಟೇ ಬದಲಿಸುವಂತೆ ಮಾಡಬಹುದಿತ್ತು. ಹಾಗೆ ಇಡುವುದರಿಂದ ಮಾರಾಟಗಾರರಿಗೆ ಯಾವ ಲಾಭವೂ ಇರಲಿಲ್ಲವಲ್ಲ!

ಮೊದಲ ಪೆಟ್ಟು ಬಿದ್ದದ್ದು ಲೈಸೆನ್ಸಿನ ಕಡೆಯಿಂದ. ಸಂಸ್ಥೆಯು ತನ್ನ ಯಂತ್ರಗಳನ್ನು ವರ್ಚುವಲ್ ವ್ಯವಸ್ಥೆಗೆ (ಒಂದು ಭೌತಿಕ ಯಂತ್ರದೊಳಗೆ ತಂತ್ರಾಂಶದಿಂದ ಹಲವು ಯಂತ್ರಗಳನ್ನು ನಡೆಸುವ ಏರ್ಪಾಡು) ಸಾಗಿಸಿದಾಗ, ಅಪ್ಲಿಕೇಶನ್ ಓಡುತ್ತಿದ್ದದ್ದು ಕೆಲವೇ ಕೋರ್‌ಗಳ (ಪ್ರೊಸೆಸರಿನ ಗಣನಾ ಘಟಕಗಳ) ವರ್ಚುವಲ್ ಯಂತ್ರಗಳಲ್ಲಿ. ಆದರೆ ಕರಾರಿನ ಪ್ರಕಾರ ಆ ವರ್ಚುವಲ್ ಯಂತ್ರ ಯಾವ ಯಾವ ಭೌತಿಕ ಯಂತ್ರಕ್ಕೆ ಸ್ಥಳಾಂತರವಾಗಬಲ್ಲದೋ ಅವೆಲ್ಲವುಗಳ ಎಲ್ಲ ಕೋರ್‌ಗಳಿಗೂ ಹಣ ಕೊಡಬೇಕಿತ್ತು. ಲೆಕ್ಕ ಪರಿಶೀಲನೆಯ ಪತ್ರ ಬಂದಾಗಲೇ ಈ ಷರತ್ತನ್ನು ಎಲ್ಲರೂ ಓದಿದ್ದು. ತುರ್ತು ಸಂದರ್ಭಕ್ಕೆಂದು ಸುಮ್ಮನೆ ನಿಲ್ಲಿಸಿಟ್ಟಿದ್ದ ಸರ್ವರಿಗೂ ಪೂರ್ಣ ಲೈಸೆನ್ಸ್ ಬೇಕೆಂಬುದು ಅದೇ ಪತ್ರದಿಂದ ತಿಳಿಯಿತು.

ಎರಡನೆಯದು ಭದ್ರತೆಗೆ ಸಂಬಂಧಿಸಿದ್ದು. 2015ರ ನವೆಂಬರಿನಲ್ಲಿ, ಕಾಮನ್ಸ್ ಕಲೆಕ್ಷನ್ಸ್ ಎಂಬ ವ್ಯಾಪಕ ಬಳಕೆಯ ಲೈಬ್ರರಿಯ ನೆರವಿನಿಂದ ಜಾವಾ ಆಬ್ಜೆಕ್ಟ್‌ಗಳ ಡೀಸೀರಿಯಲೈಸೇಶನ್ (ಬೈಟ್‌ಗಳ ರೂಪದಲ್ಲಿ ಬಂದ ಆಬ್ಜೆಕ್ಟನ್ನು ಮತ್ತೆ ಕಟ್ಟುವುದು) ಮೂಲಕ ಸರ್ವರಿನೊಳಗೆ ನುಗ್ಗುವ ದಾರಿ ಬಹಿರಂಗವಾಗಿ, ಹಲವು ಪ್ರಮುಖ ಅಪ್ಲಿಕೇಶನ್ ಸರ್ವರ್‌ಗಳು ಅದಕ್ಕೆ ಈಡಾದವು. ನಾವು ಬಳಸುತ್ತಿದ್ದ ಆವೃತ್ತಿಗೂ ಪ್ಯಾಚ್ (ದೋಷ ಸರಿಪಡಿಸುವ ತಂತ್ರಾಂಶ) ಬಂತು, ಆದರೆ ಬೆಂಬಲದ ವಾರ್ಷಿಕ ಕರಾರು ಚಾಲ್ತಿಯಲ್ಲಿದ್ದವರಿಗೆ ಮಾತ್ರ. ಲೈಸೆನ್ಸ್ ಶಾಶ್ವತ ಎಂದು ಹೇಳಿ ಮಾರಿದವರು, ಪ್ಯಾಚ್ ಇಲ್ಲದ ಸರ್ವರನ್ನು ಶಾಶ್ವತವಾಗಿ ಓಡಿಸುವ ಹಕ್ಕು ಅದೆಂದು ಹೇಳಿರಲಿಲ್ಲ.

ಆಮೇಲಿನ ವರ್ಷಗಳಲ್ಲಿ ಕಟ್ಟು ಇನ್ನಷ್ಟು ಬಿಗಿಯಾಯಿತು. 2018ರಲ್ಲಿ ಬಂದ ಜಾವಾ 11, ಜಾಕ್ಸ್‌ಬಿ (ಎಕ್ಸ್‌ಎಂಎಲ್ ಓದಿ ಬರೆಯುವುದು) ಮತ್ತು ಕೋರ್ಬಾದಂತಹ (ಬೇರೆ ಯಂತ್ರದ ಪ್ರೋಗ್ರಾಂಗಳೊಡನೆ ಸಂವಹನ) ಭಾಗಗಳನ್ನು ಜಾವಾದ ಮೂಲ ಕಿಟ್ ಆದ ಜೆಡಿಕೆಯಿಂದ ಕೈಬಿಟ್ಟಿತು. ಸರ್ವರಿನ ನಮ್ಮ ಆವೃತ್ತಿ ಜಾವಾ 8ರ ಆಚೆಗೆ ಹೋಗಲು ಸಿದ್ಧವಿರಲಿಲ್ಲ. ಅಷ್ಟರಲ್ಲಿ ಜಾವಾ ಇಇ ಎಕ್ಲಿಪ್ಸ್ ಫೌಂಡೇಶನ್ ಎಂಬ ತೆರೆದ ಮೂಲ ತಂತ್ರಾಂಶದ ಸಂಸ್ಥೆಗೆ ಹೋಗಿ ಜಕಾರ್ತಾ ಇಇ ಆಗಿತ್ತು. 2020ರ ಕೊನೆಯಲ್ಲಿ ಬಂದ ಜಕಾರ್ತಾ ಇಇ 9ರಲ್ಲಿ ಜಾವಾಎಕ್ಸ್ ಎಂದು ಶುರುವಾಗುತ್ತಿದ್ದ ಅದರ ಪ್ಯಾಕೇಜ್ (ಕೋಡಿನ ಕಟ್ಟು) ಹೆಸರುಗಳೆಲ್ಲ ಜಕಾರ್ತಾ ಎಂದಾದವು. ಮಾನದಂಡದ ಕೋಡಿಗೆ ಇದು ಬಹುಪಾಲು ಹೆಸರು ಬದಲಿಸುವ ಕೆಲಸ, ಅದಕ್ಕೆ ಉಪಕರಣಗಳೂ ಇವೆ. ತಯಾರಕರ ಸ್ವಂತ ಪ್ಯಾಕೇಜುಗಳನ್ನು ಹಿಡಿದು ಕುಳಿತ ಕೋಡಿಗೆ ಅಂತಹ ಉಪಕರಣವಿಲ್ಲ. ಹೊಸ ಸರ್ವರಿಗೆ ಸಾಗಿಸುವಾಗ ರಾತ್ರಿ ಸಂಸ್ಕರಣೆಯ ಭಾಗವನ್ನು ಪೂರ್ತಿ ಹೊಸದಾಗಿ ಬರೆಯಬೇಕಾಯಿತು, ಮತ್ತು ಕ್ಲಾಸ್‌ಲೋಡರಿನ ಕ್ರಮ ಬೇರೆಯಾಗಿದ್ದರಿಂದ ಪರೀಕ್ಷೆಯಲ್ಲಿ ಸರಿಯಾಗಿದ್ದ ಎಕ್ಸ್‌ಎಂಎಲ್ ಓದುವ ಭಾಗ ನಿಜವಾದ ಬಳಕೆಯಲ್ಲಿ ಮುರಿದುಬಿತ್ತು.

ಆದ್ದರಿಂದ ಆಯ್ಕೆಗೆ ಕೂರುವವರು, ಪೂರ್ಣ ಸರ್ವರ್ ತಮಗೆ ಬೇಕೇ ಎಂಬುದನ್ನು ಮೊದಲು ನಿರ್ಧರಿಸಲಿ. ಇಜೆಬಿ, ಸಂದೇಶ ಸರದಿ, ಎರಡು ಡೇಟಾಬೇಸ್‌ಗಳನ್ನು ಒಟ್ಟಿಗೆ ಹಿಡಿಯುವ ವಹಿವಾಟು, ಇವು ಯಾವುವೂ ಇಲ್ಲದ ಅಪ್ಲಿಕೇಶನ್ನಿಗೆ ಟಾಮ್‌ಕ್ಯಾಟ್ ಅಥವಾ ಜೆಟ್ಟಿಯಂತಹ ಹಗುರ ವೆಬ್ ಸರ್ವರ್ ಸಾಕಾಗುತ್ತದೆ. ಪೂರ್ಣ ಸರ್ವರೇ ಬೇಕೆಂದಾದರೆ, ಮಾರಾಟಗಾರರು ತೋರಿಸುವ ಮಾದರಿಯನ್ನು ಬದಿಗಿಟ್ಟು ನಿಮ್ಮ ಅಪ್ಲಿಕೇಶನ್ನಿನ ಅತ್ಯಂತ ತೊಡಕಿನ ಒಂದು ಭಾಗವನ್ನು ಎರಡು ಬೇರೆ ಸರ್ವರ್‌ಗಳಲ್ಲಿ ಓಡಿಸಿ, ಯೋಜನೆ ಮುಗಿಯುವ ತನಕ ಪ್ರತಿ ಬಿಲ್ಡ್‌ನಲ್ಲೂ (ಕೋಡಿನಿಂದ ಅಪ್ಲಿಕೇಶನ್ ಕಟ್ಟುವಾಗಲೆಲ್ಲ) ಎರಡರ ಮೇಲೂ ಪರೀಕ್ಷೆ ನಡೆಸಿ. ಇದೊಂದು ಕ್ರಮವಿದ್ದಿದ್ದರೆ ಮೇಲೆ ಹೇಳಿದ ತೊಂದರೆಗಳಲ್ಲಿ ಬಹುಪಾಲು ಮೊದಲ ತಿಂಗಳುಗಳಲ್ಲೇ ಕಣ್ಣಿಗೆ ಬೀಳುತ್ತಿದ್ದವು. ತಯಾರಕರ ಪ್ಯಾಕೇಜನ್ನು ಯಾರಾದರೂ ನೇರವಾಗಿ ಬಳಸಿದರೆ ಬಿಲ್ಡ್ ನಿಲ್ಲುವಂತೆ ನಿಯಮ ಹಾಕುವುದು ಕಷ್ಟವೇನಲ್ಲ.

ತೆರೆದ ಮೂಲದ್ದಾದರೆ ಈ ಚಿಂತೆಯಿಲ್ಲ ಎಂದು ಕೆಲವರು ಹೇಳುವುದುಂಟು; ಅದು ಪೂರ್ತಿ ಸರಿಯಲ್ಲ. ಗ್ಲಾಸ್‌ಫಿಶ್ ಎಂಬ ತೆರೆದ ಮೂಲದ ಸರ್ವರಿನ ಮುಂದಿನ ಆವೃತ್ತಿಗೆ ವಾಣಿಜ್ಯ ಬೆಂಬಲ ಇರುವುದಿಲ್ಲವೆಂದು ಅದರ ತಯಾರಕ ಒರಾಕಲ್ 2013ರ ನವೆಂಬರಿನಲ್ಲಿ ತಿಳಿಸಿದಾಗ, ಅದನ್ನೇ ನಂಬಿದ್ದ ಸಂಸ್ಥೆಗಳು ಬೇರೆ ದಾರಿ ಹುಡುಕಬೇಕಾಯಿತು. ಕೋಡ್ ಕೈಯಲ್ಲಿದ್ದುದರಿಂದ ಪಯಾರಾದಂತಹ ಕವಲು (ಅದೇ ಕೋಡಿನಿಂದ ಬೆಳೆದ ಬೇರೆ ಸರ್ವರ್) ಹುಟ್ಟಲು ಸಾಧ್ಯವಾಯಿತು ಎಂಬಷ್ಟು ಅನುಕೂಲ ಅಲ್ಲಿತ್ತು.

ಕರಾರಿನ ವಿಷಯದಲ್ಲಿ ಬಾಯಿಮಾತನ್ನು ಒಪ್ಪಬೇಡಿ. ವರ್ಚುವಲ್ ಯಂತ್ರ ಮತ್ತು ಕಂಟೇನರ್‌ಗಳಲ್ಲಿ ಕೋರ್ ಎಣಿಸುವ ರೀತಿ, ಪರೀಕ್ಷೆಯ ಮತ್ತು ಮೀಸಲು ಸರ್ವರ್‌ಗಳ ಶುಲ್ಕ, ಈ ಆವೃತ್ತಿಗೆ ಭದ್ರತಾ ಪ್ಯಾಚ್ ನಿಲ್ಲುವ ದಿನಾಂಕ, ಬೆಂಬಲವನ್ನು ಒಂದು ವರ್ಷ ಬಿಟ್ಟು ಮತ್ತೆ ಪಡೆದರೆ ತೆರಬೇಕಾದ ಬಾಕಿ, ಇವುಗಳಿಗೆ ಸಹಿಗೆ ಮೊದಲೇ ಲಿಖಿತ ಉತ್ತರ ಪಡೆದು ಅದನ್ನು ಕರಾರಿಗೆ ಲಗತ್ತಿಸಿಕೊಳ್ಳಿ.