ಕ್ವಾಂಟ್ ಸ್ಕೋರ್ ಕಮ್ಮಿ ಬಂದವರಿಗೆ ಎನ್‌ಪಿಟೆಲ್ ಕೋರ್ಸ್: ಬಳಸಿ ನೋಡಿದ ಮೇಲೆ

ಎಂಬಿಎ ಸೇರಲು ಬರೆಯುವ ಜಿಮ್ಯಾಟ್ ಪರೀಕ್ಷೆಯಲ್ಲಿ ನನಗೆ ವರ್ಬಲ್ (ಭಾಷೆ) 84, ಕ್ವಾಂಟ್ (ಲೆಕ್ಕ) 74 ಬಂತು. ಎರಡನ್ನೂ 60ರಿಂದ 90ರೊಳಗೆ ಅಳೆಯುತ್ತಾರೆ. ನಾನು ಮೈಸೂರಿನಲ್ಲಿ ಓದಿದ್ದು ಬಿ.ಎ., ಅದೂ ಇತಿಹಾಸ. ಹಾಗಾಗಿ ಲೆಕ್ಕ ಬರುತ್ತೆ ಅಂತ ತೋರಿಸಲು ಡಿಗ್ರಿ ಅಂಕಪಟ್ಟಿಯಲ್ಲೂ ಏನೂ ಇರಲಿಲ್ಲ. ಆಮೇಲೆ ಎನ್‌ಪಿಟೆಲ್ ಅನ್ನುವ ಆನ್‌ಲೈನ್ ಪಾಠಗಳ ತಾಣದಲ್ಲಿ ಸ್ಟ್ಯಾಟಿಸ್ಟಿಕ್ಸ್ ಕೋರ್ಸ್ ಮುಗಿಸಿದೆ, ಅದರ ಬೆನ್ನಿಗೇ ಅಕೌಂಟಿಂಗ್ ಕೂಡ ಮಾಡಿದೆ. ನನ್ನಂಥವರಿಗೆ ಇದು ಎಷ್ಟು ಉಪಯೋಗ ಅಂತ ಹೇಳುತ್ತೇನೆ.

ಕ್ಯಾಟ್ ಬರೆದು ಐಐಎಂ ಸೇರಬೇಕು ಅನ್ನುವವರಿಗೆ ಇದರಿಂದ ಕಟಾಫ್ ದಾಟಲು ಆಗುವುದಿಲ್ಲ. ಅಲ್ಲಿ ಒಟ್ಟು ಪರ್ಸೆಂಟೈಲ್ ಜೊತೆಗೆ ಪ್ರತಿ ವಿಭಾಗಕ್ಕೂ ಕಟಾಫ್ ಇರುತ್ತೆ. ಕ್ವಾಂಟ್‌ನಲ್ಲಿ ಕೆಳಗಿದ್ದರೆ ಬೇರೆ ಯಾವ ಸರ್ಟಿಫಿಕೇಟೂ ಲೆಕ್ಕಕ್ಕೆ ಬರಲ್ಲ. ಅಂಥವರು ಸುಮ್ನೆ ಮಾಕ್ ಟೆಸ್ಟ್‌ಗಳ ಮೇಲೆ ಕೂರುವುದೇ ಒಳ್ಳೆಯದು. ಅಂಕಪಟ್ಟಿ, ಪ್ರಬಂಧ, ಶಿಫಾರಸು ಪತ್ರ, ಕೆಲಸದ ಅನುಭವ ಎಲ್ಲವನ್ನೂ ಸೇರಿಸಿ ನೋಡುವ ಕಡೆ ಮಾತ್ರ ಈ ದಾರಿ ಕೆಲಸ ಮಾಡುತ್ತೆ. ಹೊರದೇಶದ ಬಹುತೇಕ ಬಿ-ಸ್ಕೂಲ್‌ಗಳು ಹಾಗೆ. ನಮ್ಮಲ್ಲಿ ಐಎಸ್‌ಬಿ (ಇಂಡಿಯನ್ ಸ್ಕೂಲ್ ಆಫ್ ಬಿಸಿನೆಸ್) ಹಾಗೆ.

ಎನ್‌ಪಿಟೆಲ್ ಐಐಟಿಗಳು ಮತ್ತು ಐಐಎಸ್ಸಿ ಸೇರಿ ನಡೆಸುವ ವ್ಯವಸ್ಥೆ. ಪಾಠ ನೋಡಲು ಕಾಸಿಲ್ಲ. ಪರೀಕ್ಷೆಗೆ ನಾನು ಕಟ್ಟಿದ್ದು ಒಂದು ಕೋರ್ಸಿಗೆ 1000 ರೂಪಾಯಿ. ಜಿಮ್ಯಾಟ್ ಇನ್ನೊಮ್ಮೆ ಬರೆಯಲು ಇದರ ಇಪ್ಪತ್ತು ಪಟ್ಟಿಗೂ ಜಾಸ್ತಿ ಬೇಕು. ವಾರವಾರ ಅಸೈನ್‌ಮೆಂಟ್ ಇರುತ್ತೆ, ಅದಕ್ಕೆ 25 ಅಂಕ. ಕೊನೆಗೆ ಸೆಂಟರ್‌ಗೇ ಹೋಗಿ ಬರೆಯುವ ಪರೀಕ್ಷೆಗೆ 75. ನನ್ನ ಮಟ್ಟಿಗೆ ಇದರ ಬೆಲೆ ಇರುವುದೇ ಇಲ್ಲಿ. ಮನೆಯಲ್ಲಿ ಕೂತು ವಿಡಿಯೋ ಓಡಿಸಿ ಪಡೆದ ಸರ್ಟಿಫಿಕೇಟನ್ನು ಯಾರು ನಂಬುತ್ತಾರೆ? ಇದರಲ್ಲಿ ಅಸೈನ್‌ಮೆಂಟ್ ಅಂಕ, ಪರೀಕ್ಷೆ ಅಂಕ ಬೇರೆ ಬೇರೆ ಕಾಣಿಸುತ್ತೆ. ಒಟ್ಟು 60 ದಾಟಿದರೆ ‘ಎಲೀಟ್’ ಅಂತ ಬರುತ್ತೆ, 90 ದಾಟಿದರೆ ಅದರ ಜೊತೆ ‘ಗೋಲ್ಡ್’.

ಮೈಸೂರಿನಲ್ಲಿ ಒಂದು ಕೋಚಿಂಗ್‌ಗೂ ಹೋಗಿದ್ದೆ. ಶಾರ್ಟ್‌ಕಟ್ ಕಲಿಸಿದರು, ಆದರೆ ಯಾಕೆ ಹಾಗೆ ಅಂತ ಕೇಳಿದರೆ ಮುಂದಿನ ಲೆಕ್ಕಕ್ಕೆ ಹೋಗಿಬಿಡುತ್ತಿದ್ದರು. ಎನ್‌ಪಿಟೆಲ್ ಮೇಷ್ಟ್ರು ನಿಧಾನ, ಒಂದು ಸೂತ್ರಕ್ಕೆ ಅರ್ಧ ಗಂಟೆ ತೆಗೆದುಕೊಳ್ಳುತ್ತಾರೆ. ಮಂಡ್ಯದಿಂದ ಮೈಸೂರಿಗೆ ದಿನಾ ರೈಲಿನಲ್ಲಿ ಕೆಲಸಕ್ಕೆ ಹೋಗುವ ನನಗೆ ಅದು ಸರಿಹೋಯಿತು. ರಾತ್ರಿ ಡೌನ್‌ಲೋಡ್ ಮಾಡಿಟ್ಟುಕೊಂಡು ಬೆಳಿಗ್ಗೆ ನೋಡುತ್ತಿದ್ದೆ.

ನಿಜವಾದ ಲಾಭ ಸಿಕ್ಕಿದ್ದು ಕೆಲಸದಲ್ಲಿ. ನಾನಿರುವುದು ಪಶು ಆಹಾರ ಮಾರುವ ಕಡೆ. ಡೇರಿಯಲ್ಲಿ ಹಾಲಿಗೆ ಫ್ಯಾಟ್ ಮತ್ತು ಎಸ್‌ಎನ್‌ಎಫ್ (ಫ್ಯಾಟ್ ಬಿಟ್ಟು ಹಾಲಿನಲ್ಲಿರುವ ಉಳಿದ ಘನಾಂಶ) ನೋಡಿ ದುಡ್ಡು ಕೊಡುತ್ತಾರೆ ಅಲ್ವಾ? ನಮ್ಮ ಹೊಸ ಹಿಂಡಿ ತಿಂದ ಹಸುಗಳ ಹಾಲಿನಲ್ಲಿ ಫ್ಯಾಟ್ ಸರಾಸರಿ ಸ್ವಲ್ಪ ಏರಿತ್ತು. ಅದನ್ನೇ ಕರಪತ್ರದಲ್ಲಿ ಹಾಕೋಣ ಅಂದರು ನಮ್ಮ ಮ್ಯಾನೇಜರ್. ನಾನು ರೈತರ ಡೇರಿ ಪುಸ್ತಕದ ಅಂಕಿಗಳನ್ನು ಎಕ್ಸೆಲ್‌ಗೆ ಹಾಕಿ ನೋಡಿದೆ. ಒಂದೇ ಹಸುವಿನ ಫ್ಯಾಟ್ ದಿನದಿಂದ ದಿನಕ್ಕೆ ಏರಿಳಿಯುವುದು ಈ ಏರಿಕೆಗಿಂತ ಜಾಸ್ತಿ ಇತ್ತು. ಹಸುಗಳೂ ಕಮ್ಮಿ. “ಇಷ್ಟರಿಂದ ಹೇಳಕ್ಕಾಗಲ್ಲ ಸಾರ್, ಇನ್ನೊಂದಷ್ಟು ಊರಿನ ಲೆಕ್ಕ ಬೇಕು” ಅಂದೆ. ಅವರು ಒಪ್ಪಿದರು. ರೈತರಿಗೆ ಗೊತ್ತಿಲ್ಲದ್ದನ್ನು ಗೊತ್ತು ಅಂತ ಹೇಳದೆ ಉಳಿದೆವು ಅನ್ನುವುದು ನನಗೆ ದೊಡ್ಡ ವಿಷಯ.

ಅಪ್ಲಿಕೇಶನ್‌ನ ಐಚ್ಛಿಕ ಪ್ರಬಂಧದಲ್ಲಿ ಬರೆದದ್ದೂ ಇಷ್ಟೇ. ಕ್ವಾಂಟ್ ಯಾಕೆ ಕಮ್ಮಿ ಬಂತು ಅಂತ ಕಾರಣ ಹೇಳುತ್ತಾ ಕೂರಲಿಲ್ಲ. ಸ್ಕೋರ್ ಇಷ್ಟು, ಆಮೇಲೆ ಕಲಿತದ್ದು ಇದು, ಬಳಸಿದ್ದು ಹೀಗೆ ಅಂತ ಚಿಕ್ಕದಾಗಿ ಹೇಳಿದೆ. ಮ್ಯಾನೇಜರ್ ತಮ್ಮ ಶಿಫಾರಸು ಪತ್ರದಲ್ಲಿ ಅದೇ ಹಿಂಡಿ ಲೆಕ್ಕವನ್ನು ಬರೆದರು. ಇಂಟರ್‌ವ್ಯೂನಲ್ಲಿ ಜಿಮ್ಯಾಟ್ ಬಗ್ಗೆ ಒಂದೇ ಪ್ರಶ್ನೆ ಬಂತು, ಹಸುಗಳ ಬಗ್ಗೆ ಬಹಳ ಹೊತ್ತು ಮಾತಾಯಿತು. ಸೀಟು ಸಿಕ್ಕಿದೆ, ಸ್ಕಾಲರ್‌ಶಿಪ್ ಸಿಕ್ಕಿಲ್ಲ. ಸ್ಕಾಲರ್‌ಶಿಪ್ ಬೇಕೇಬೇಕು ಅನ್ನುವವರು ಸ್ಕೋರನ್ನೂ ಏರಿಸಲು ನೋಡಿ. 16 ದಿನ ಬಿಟ್ಟು ಜಿಮ್ಯಾಟ್ ಮತ್ತೆ ಬರೆಯಬಹುದು.

ಶೇಕಡಾ ಲೆಕ್ಕ, ಬೀಜಗಣಿತದಲ್ಲೇ ತೊಡಕಿದ್ದರೆ ನೇರವಾಗಿ ಎನ್‌ಪಿಟೆಲ್‌ಗೆ ಇಳಿಯಬೇಡಿ, ಮೊದಲು ಖಾನ್ ಅಕಾಡೆಮಿ ನೋಡಿ. ಅದು ಕನ್ನಡದಲ್ಲೂ ಇದೆ, ಉಚಿತ.

ದಿನಾಂಕದ ಕಡೆಯೂ ಗಮನ ಇರಲಿ. ಎನ್‌ಪಿಟೆಲ್ ಕೋರ್ಸ್‌ಗಳು ಜನವರಿ ಮತ್ತು ಜುಲೈನಲ್ಲಿ ಶುರುವಾಗುತ್ತವೆ. ಹೊರದೇಶದ ಹಲವು ಬಿ-ಸ್ಕೂಲ್‌ಗಳ ಮೊದಲ ಸುತ್ತು ಸೆಪ್ಟೆಂಬರ್ ಹೊತ್ತಿಗೇ ಮುಗಿಯುತ್ತೆ. ಆ ಸುತ್ತಿಗೆ ಹಾಕುವವರು ಜನವರಿ ಕೋರ್ಸನ್ನೇ ಹಿಡಿಯಿರಿ. ಜುಲೈನದಕ್ಕೆ ಸೇರಿದರೆ ಅಪ್ಲಿಕೇಶನ್ ಕಳಿಸುವಾಗ ಕೈಯಲ್ಲಿ ಸರ್ಟಿಫಿಕೇಟ್ ಇರುವುದಿಲ್ಲ.